ಹೊನಿಯಾರಾ ಸಂತೆಯಲ್ಲಿ ಸಿಕ್ಕ ಕೊಸರು

ಹೊನಿಯಾರಾ ಏರ್‌ಪೋರ್ಟ್‌ನಲ್ಲಿ ಆಫೀಸರ್ ಹುಡುಗಿ ನನ್ನ ಎಲೆ ಕಟ್ಟನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು.

ಸವಣೂರಿನ ವೀಳ್ಯದೆಲೆ. ನನ್ನದೇ ತೋಟದಲ್ಲಿ ನನ್ನ ಕೈಯಿಂದಲೇ ಕೊಯ್ದು, ಒದ್ದೆ ಅರಿವೆಯಲ್ಲಿ ಸುತ್ತಿ, ಮೂರು ವಿಮಾನ ಹತ್ತಿಸಿ ಇಳಿಸಿ ತಂದದ್ದು. ಹಸಿ ಸೊಪ್ಪು ದೇಶದೊಳಗೆ ತರುವ ಹಾಗಿಲ್ಲವಂತೆ. ನಾನು ಕನ್ನಡದಲ್ಲೇ ಬೈದೆ. ಅವಳು ನಗುತ್ತಲೇ ಪಾಸ್‌ಪೋರ್ಟ್ ವಾಪಸ್ ಕೊಟ್ಟಳು.

ಹೊನಿಯಾರಾ ಅಂದರೆ ಪೆಸಿಫಿಕ್ ಸಮುದ್ರದ ನಡುವೆ ಇರುವ ಸಾಲೊಮನ್ ದ್ವೀಪಗಳ ರಾಜಧಾನಿ. ಅಳಿಯ ಅಲ್ಲಿ ಸೇತುವೆ ಕಟ್ಟಿಸುವ ಕೆಲಸದಲ್ಲಿದ್ದಾನೆ. ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು, ಮಗಳ ಉಡಿ ತುಂಬುವುದಿತ್ತು. ಎಲೆ ನಾನೇ ತರುತ್ತೇನೆ ಅಂತ ಫೋನಿನಲ್ಲಿ ಮಾತು ಕೊಟ್ಟಿದ್ದೆ.

ಮಗಳ ಬಾಣಂತನಕ್ಕೆ ಮೊದಲೇ ಹೋಗಿದ್ದ ನನ್ನ ಹೆಂಡತಿ, ನಮ್ಮಾಕಿ, ಬಾಗಿಲಲ್ಲೇ ನನ್ನ ಬರಿಗೈ ನೋಡಿದಳು.

“ನಲವತ್ತು ವರ್ಷ ಊರಿಗೆಲ್ಲಾ ಎಲಿ ಮಾರೀರಿ. ಮಗಳ ಉಡಿಗೆ ಐದ ಎಲಿ ಇಲ್ಲೇನ್ರಿ?”



ಮರುದಿನ ಸಂಜೆಗೇ ಕಾರ್ಯ. ಬೆಳಿಗ್ಗೆ ಅಳಿಯ ಸಮುದ್ರದ ದಂಡೆಯ ಮಾರ್ಕೆಟ್ಟಿಗೆ ಕರೆದುಕೊಂಡು ಹೋದ. ಇಲ್ಲಿಯೂ ಎಲೆ ಅಡಿಕೆ ತಿನ್ನುತ್ತಾರೆ ಅಂದಾಗ ನಾನು ನಂಬಿರಲಿಲ್ಲ. ಹೋಗಿ ನೋಡಿದರೆ ಅರ್ಧ ಮಾರ್ಕೆಟ್ಟಿನ ಬಾಯಿ ಕೆಂಪು, ಥೇಟ್ ಹತ್ತಿಮತ್ತೂರಿನ ಸಂತೆಯ ನನ್ನ ಗಿರಾಕಿಗಳ ಹಾಗೆ.

ಹಸಿ ಅಡಿಕೆಯನ್ನು ಹಲ್ಲಿನಿಂದಲೇ ಸುಲಿದು ಸುಣ್ಣದ ಜೊತೆ ಅಗಿಯುತ್ತಾರೆ. ನಮ್ಮಲ್ಲಿ ಹಾಗೆ ತಿಂದರೆ ಹುಚ್ಚ ಅಂದಾರು.

ಒಬ್ಬ ದಪ್ಪ ಹೆಂಗಸಿನ ಮುಂದೆ ಎಲೆಯ ಗುಡ್ಡೆಗಳಿದ್ದವು. ಒಂದು ಎಲೆ ಮುರಿದು ಬಾಯಿಗೆ ಹಾಕಿಕೊಂಡೆ. ದಪ್ಪ, ಖಾರ. ರೇಟು ಕೇಳಿದವನೇ ರೂಢಿಯಂತೆ ಕೈ ಆಡಿಸಿದೆ, ಇಳಿಸು, ಮೇಲೆ ಒಂದಿಷ್ಟು ಕೊಸರು ಹಾಕು ಅಂತ.

ಅವಳು ಬೈಯಲಿಲ್ಲ. ಸಿಟ್ಟಾಗಲಿಲ್ಲ. ಮುಖ ತಿರುಗಿಸಿ ಸಮುದ್ರ ನೋಡುತ್ತಾ ಕೂತಳು.

ಅಳಿಯ ಕಿವಿಯಲ್ಲಿ ಹೇಳಿದ: “ಮಾವಾರ, ಇಲ್ಲಿ ಚೌಕಾಸಿ ಮಾಡಂಗಿಲ್ರಿ. ಹೇಳಿದ ರೇಟಿಗೆ ತೊಗೋಬೇಕು, ಇಲ್ಲಾ ಸುಮ್ನ ಮುಂದ ಹೋಗಬೇಕು.”

“ಕೊಸರು ಹಾಕದಾಕಿ ಎಂಥಾ ವ್ಯಾಪಾರಸ್ಥಳೋ? ನಡಿ ಮುಂದ.”

ಇಡೀ ಮಾರ್ಕೆಟ್ ತಿರುಗಿದೆ. ಕೆಲವರ ಬಳಿ ಎಲೆಯ ಬದಲು ಅಗಿಯುವ ಎಲೆಬಳ್ಳಿಯ ಕಾಯಿ ಮಾತ್ರ ಇತ್ತು, ಕೆಲವರ ಎಲೆ ಹರಿದಿತ್ತು. ಹರಿದ ಎಲೆ ಉಡಿಗೆ ನಡೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆವರು ಸುರಿಸುತ್ತಾ ಮತ್ತೆ ಆ ಹೆಂಗಸಿನ ಮುಂದೆಯೇ ನಿಂತೆ.

ಅಷ್ಟರಲ್ಲಿ ಬಿಸಿಲು ಅವಳ ಎಲೆಯ ಮೇಲೆ ಬಿದ್ದಿತ್ತು. ಅಂಚು ಮುರುಟುತ್ತಿತ್ತು.

ಸಿಟ್ಟು ಬೇರೆ, ಎಲೆ ಬೇರೆ. ಎಲೆ ಬಾಡುವುದನ್ನು ನಾನು ನೋಡಲಾರೆ.

ಹೆಗಲ ಮೇಲಿನ ಟವೆಲ್ಲನ್ನು ಬಾಟಲಿ ನೀರಿನಲ್ಲಿ ನೆನೆಸಿದೆ. ಕೈ ಹಾಕಿದ ಕೂಡಲೇ ಅವಳು ಗುಡ್ಡೆಗೆ ಅಡ್ಡ ಕೈ ಇಟ್ಟಳು, ಈ ಮುದುಕ ಕಸಿದುಕೊಳ್ಳುತ್ತಾನೆ ಅಂದುಕೊಂಡಳೋ ಏನೋ. ಒಂದು ಎಲೆ ಎತ್ತಿ ಮುರುಟಿದ ಅಂಚು ತೋರಿಸಿದೆ. ಕೈ ತೆಗೆದಳು.

ತೊಟ್ಟೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಮಾಡಿ ಜೋಡಿಸಿದೆ. ಕೆಟ್ಟದ್ದನ್ನು ಆರಿಸಿ ಬಿಸಾಕಿದೆ, ಒಂದು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ಒದ್ದೆ ಟವೆಲ್ ಹೊದಿಸಿ ನೆರಳಿಗೆ ಸರಿಸಿದೆ.

“ಮಾವಾರ, ಕಾರ್ಯಕ್ಕ ಹೊತ್ತಾತು. ನೀವೇನು ಇಲ್ಲೇ ಅಂಗಡಿ ಹಾಕ್ತೀರೇನು?” ಅಳಿಯ ಅವಸರ ಮಾಡಿದ.

ಹೇಳಿದ ರೇಟನ್ನೇ ಕೊಟ್ಟೆ. ಜೀವನದಲ್ಲಿ ಮೊದಲ ಸಲ ಎಲೆಗೆ ದುಡ್ಡು ಕೊಟ್ಟದ್ದು. ಟವೆಲ್ ಅಲ್ಲೇ ಬಿಟ್ಟು ಹೊರಟಾಗ ಅವಳು ಕರೆದಳು. ಎರಡೂ ಕೈ ತುಂಬಾ ಎಲೆ ತಂದು ನನ್ನ ಚೀಲಕ್ಕೆ ಹಾಕಿದಳು. ಈ ಸಲ ನಾನು ಕೊಸರು ಕೇಳಿರಲೇ ಇಲ್ಲ.

ಸಂಜೆ ಮಗಳ ಉಡಿ ತುಂಬಿತು. ನಮ್ಮಾಕಿ ಒಂದು ಎಲೆ ಅಗಿದು, “ನಮ್ಮವಲ್ಲ ಇವು, ಬಾಳ ಖಾರ” ಅಂದಳು. ಮತ್ತೆ ಇನ್ನೊಂದು ತೆಗೆದುಕೊಂಡಳು.

ಈಗ ಸವಣೂರಿನಲ್ಲಿ ಎಲೆ ಎಣಿಸುತ್ತಾ ಕೂತಿದ್ದೇನೆ. ಇಷ್ಟು ವರ್ಷ ಕೊಸರು ಬೇಕೆಂದು ಜಗಳ ತೆಗೆದವರಿಗೆ ಗೊಣಗುತ್ತಲೇ ಕೊಟ್ಟಿದ್ದೇನೆ, ಸುಮ್ಮನೆ ಕೊಂಡು ಹೋದವರ ಚೀಲಕ್ಕೆ ಒಂದು ಎಲೆಯನ್ನೂ ಹೆಚ್ಚಿಗೆ ಹಾಕಿದ ನೆನಪಿಲ್ಲ… ನಮ್ಮ ಸಂತೆಯಲ್ಲಿ ಕೇಳದವರಿಗೆ ಕೊಸರು ಕೊಟ್ಟವರನ್ನು ನೀವು ಯಾರಾದರೂ ಕಂಡೀರೇನ್ರಿ?