ಅತ್ತೆಯ ಎರಡು ಎಕರೆ

ನನ್ನ ಗಂಡ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ಕೊಪ್ಪಳದಲ್ಲಿ ನಡೆದ ಪಿಂಚಣಿದಾರರ ಸಭೆಗೆ ಹೋಗಿ ಬಂದ ಒಂದು ಮಧ್ಯಾಹ್ನ ಅವರು ಚಹಾ ಕೂಡ ಕೇಳಲಿಲ್ಲ. ಮಗಳ ಹಳೆಯ ನೋಟ್‌ಬುಕ್ಕೊಂದನ್ನು ಹುಡುಕಿ ತೆಗೆದು ಪಡಸಾಲೆಯಲ್ಲಿ ಬರೆಯಲು ಕೂತರು. ನಾನು ಪಕ್ಕದಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ.

“ಏನ್ ಬರಿಯಾಕ್ಹತ್ತೀರಿ?” ಎಂದೆ.

“ಮೃತ್ಯುಪತ್ರ. ಇವತ್ತ ಸಭಾದಾಗ ಒಬ್ರು ವಕೀಲರು ಭಾಳ ಛಲೋ ಹೇಳಿದ್ರು. ಗಟ್ಟಿ ಇದ್ದಾಗನ ಬರದಿಡಬೇಕಂತ. ಮಕ್ಕಳಿಗೆ ಮುಂದ ತ್ರಾಸ ಆಗಬಾರ್ದು.”

ಹಾಳೆಯ ನಡುವೆ ಉದ್ದ ಗೆರೆ ಎಳೆದು, ಎಡಕ್ಕೆ ಏನು, ಬಲಕ್ಕೆ ಯಾರಿಗೆ ಎಂದು ಬರೆದುಕೊಂಡರು. ಮೊದಲಿಗೆ ‘ಮನೆ’ ಎಂದು ಬರೆದರು.

“ಅದು ನನ್ನ ಹೆಸರ್ಲೆ ಐತ್ರಿ,” ಎಂದೆ, ತಲೆ ಎತ್ತದೆ.

ನಿಜವೇ. ನಾನು ಯಲಬುರ್ಗಾದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಭಾಗ್ಯನಗರದ ಈ ಜಾಗ ಕೊಂಡದ್ದು, ಮನೆ ಕಟ್ಟಿದ್ದು ಎಲ್ಲ ನನ್ನ ಹೆಸರಿನಲ್ಲೇ ಆಗಿತ್ತು. ಅವರು ‘ಮನೆ’ಯ ಮೇಲೆ ಗೀಟು ಹಾಕಿದರು. ಕೆಳಗೆ ‘ಸ್ಕೂಟರ್’ ಎಂದು ಬರೆದರು. ಅದು ಮಗಳ ಹೆಸರಿನಲ್ಲಿತ್ತು. ‘ಬಂಗಾರ’ ಎಂದು ಬರೆದು, ನನ್ನ ಕಡೆಗೊಮ್ಮೆ ನೋಡಿ, ತಾವೇ ಹೊಡೆದು ಹಾಕಿದರು. ಉಳಿದದ್ದು ಹೊಲ. ಕುಷ್ಟಗಿ ಕಡೆಯ ಅವರ ಊರಿನಲ್ಲಿ ನಾಲ್ಕು ಎಕರೆ ಇತ್ತು. ಅದನ್ನು ನನ್ನ ಮೈದುನ, ಎಂದರೆ ಅವರ ತಮ್ಮ, ಉಳುತ್ತಿದ್ದ. ಮರುದಿನ ಅದರ ಪಹಣಿ ತೆಗೆಸಿಕೊಂಡು ಬಂದರು. ಪಹಣಿಯಲ್ಲಿದ್ದದ್ದು ಅವರ ಅಜ್ಜನ ಹೆಸರು. ಆ ಅಜ್ಜನನ್ನು ನಾನು ಫೋಟೊದಲ್ಲಿ ಮಾತ್ರ ನೋಡಿದ್ದೆ. ಅವರ ಮಗ, ಎಂದರೆ ನನ್ನ ಮಾವ, ತೀರಿಕೊಂಡೂ ಹತ್ತಾರು ವರ್ಷಗಳಾಗಿದ್ದವು. ನನ್ನ ಗಂಡನ ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ಹೆಸರು ಬದಲಿಸುವುದು ಯಾರ ತಲೆಗೂ ಬಂದಿರಲಿಲ್ಲ.

ಅವರು ಪಹಣಿಯನ್ನು ಎರಡು ಸಲ ಓದಿದರು.

“ಅಂದ್ರ ನನ್ನ ಹೆಸರ್ಲೆ ಏನೂ ಇಲ್ಲ. ಇಷ್ಟ ವರ್ಷ ಟಿಕೀಟ್ ಇಲ್ದನ ಕುಂತಿದ್ನೆಲ್ಲ ನಾನು.”

ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೂ ನಕ್ಕರು.

ಮುಂದಿನ ವಾರ ಕುಷ್ಟಗಿಗೆ ಹೋದೆವು. ಮೈದುನನೂ ಬಂದ. ತಾಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಕೂರುವ ವಯಸ್ಸಾದ ಬಾಂಡ್ ರೈಟರ್ ಒಬ್ಬರು ನಮ್ಮ ಪಹಣಿ ನೋಡಿ ಕನ್ನಡಕ ತೆಗೆದಿಟ್ಟರು.

“ತೀರಿಕೊಂಡವರ ಹೆಸರ್ಲೆ ಇರೂ ಹೊಲಾನ ನೀವು ಹೆಂಗ ಬರದು ಕೊಡ್ತೀರಿ? ಮೊದ್ಲ ವಂಶಾವಳಿ ಮಾಡಸ್ರಿ. ಅದರ ಮ್ಯಾಲೆ ಪೌತಿ ಖಾತೆ ಆಗಿ ವಾರಸದಾರರ ಹೆಸರು ಪಹಣಿಗೆ ಬರ್ಲಿ. ಮೃತ್ಯುಪತ್ರ ಆಮ್ಯಾಲೆ.”

ಬಿಳಿ ಹಾಳೆಯ ಮೇಲೆ ಅಜ್ಜನ ಹೆಸರು ಬರೆದರು. ಕೆಳಗೆ ನನ್ನ ಮಾವನ ಹೆಸರು, ಅದರ ಕೆಳಗೆ ಅಣ್ಣ ತಮ್ಮ ಇಬ್ಬರದು. “ಇಷ್ಟ ರೀ,” ಎಂದ ಮೈದುನ.

ನಾನು ಮೂವತ್ತು ವರ್ಷ ಬಸುರಿಯರ ಕಾರ್ಡು ತುಂಬಿದವಳು. ಮಕ್ಕಳೆಷ್ಟು ಎಂದರೆ ಎಷ್ಟೋ ಹೆಂಗಸರು ‘ಎರಡು’ ಎನ್ನುತ್ತಿದ್ದರು. ಹೆಣ್ಣೆಷ್ಟು ಎಂದು ಬೇರೆ ಕೇಳಿದಾಗ, ‘ಹೆಣ್ಣೊಂದು ಐತ್ರಿ’ ಎಂದು ಆಮೇಲೆ ಸೇರಿಸುತ್ತಿದ್ದರು. ಹಾಗಾಗಿ ಎರಡನೆಯ ಸಲ ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

“ಅಜ್ಜಾರಿಗೆ ಒಬ್ಬಾಕಿ ಮಗಳು ಇದ್ರಲ್ಲ?” ಎಂದೆ.

ಬಾಂಡ್ ರೈಟರ್ ಪೆನ್ನು ಎತ್ತಿದರು. “ಅದಾರೇನು?”

“ಅದಾಳ್ರಿ. ನಮ್ಮ ಸೋದರತ್ತಿ. ಶ್ರೀರಾಮನಗರದಾಗ,” ಎಂದರು ನನ್ನ ಗಂಡ, ಮೆಲ್ಲಗೆ.

“ಲಗ್ನ ಆಗಿ ಹೋದ ಹೆಣ್ಮಗಳು ರೀ,” ಎಂದ ಮೈದುನ.

“ಲಗ್ನ ಆದ್ರ ಮಗಳು ಅಲ್ಲದಂಗ ಆಗ್ತಾಳೇನು? ಬಿಟ್ಟು ಬರದ್ರ ನಾಳೆ ನಿಮಗ ತೊಂದ್ರಿ. ಹೆಸರು ಹೇಳ್ರಿ.” ಅವರು ಮಾವನ ಹೆಸರಿನ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು.

ಈ ಸೋದರತ್ತೆ ನಮ್ಮ ಮನೆಗೆ ಬರುವುದನ್ನು ಬಿಟ್ಟದ್ದು ನನ್ನ ಮದುವೆಯಿಂದ. ಅಣ್ಣನ ಹಿರಿಯ ಮಗನ ಮದುವೆ ಎಂದಮೇಲೆ ಯಾರಾದರೂ ಸೀರೆ ಕುಬಸ ಹಿಡಿದುಕೊಂಡು ಹೋಗಿ ಕರೆಯಬೇಕಿತ್ತು. ಗಡಿಬಿಡಿಯಲ್ಲಿ ಲಗ್ನಪತ್ರಿಕೆಯನ್ನು ಟಪಾಲಿಗೆ ಹಾಕಿದ್ದರು. ಅತ್ತೆ ಬರಲಿಲ್ಲ. ನನ್ನ ಮಾವ ‘ಬರದಿದ್ದರೆ ಬಿಡಲಿ’ ಎಂದರು. ಮಾವ ತೀರಿಕೊಂಡ ಮೇಲೆ ಮಾತು ಮತ್ತೆ ಶುರು ಮಾಡುವವರು ಯಾರೂ ಇರಲಿಲ್ಲ. ಆ ಮದುವೆಯ ಹೆಣ್ಣು ನಾನೇ ಆದ್ದರಿಂದ, ತಪ್ಪು ನನ್ನದಲ್ಲದಿದ್ದರೂ, ನನಗದು ಆಗಾಗ ಚುಚ್ಚುತ್ತಿತ್ತು.

ಒಂದು ಸೀರೆ, ಒಂದು ಕುಬಸ ತೆಗೆದುಕೊಂಡು ನಾವಿಬ್ಬರೂ ಶ್ರೀರಾಮನಗರಕ್ಕೆ ಹೊರಟೆವು. ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಮೈದುನನ ಫೋನು ಬಂತು. “ಹಕ್ಕು ಬಿಟ್ಟೀನಿ ಅಂತ ಒಂದು ಮಾತು ತಗೊಂಡು ಬಂದುಬಿಡು ಅಣ್ಣಾ. ಕಾಗದಪತ್ರ ಆಮ್ಯಾಲೆ ನೋಡ್ಕೊಳ್ಳೂಣು.” ಗಂಗಾವತಿ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆಗಳು ಬಂದವು. ನನ್ನ ಗಂಡ ದಾರಿಯುದ್ದಕ್ಕೂ ಬಸ್ಸಿನಲ್ಲಿ ಹತ್ತುವವರ ತಲೆ ಎಣಿಸುತ್ತಿದ್ದರು. ಅತ್ತೆಯ ಮುಂದೆ ಮಾತು ಹೇಗೆ ತೆಗೆಯುವುದೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಅತ್ತೆ ಎಮ್ಮೆಗಳಿಗೆ ಹುಲ್ಲು ಹಾಕುತ್ತಿದ್ದರು. ಎಂಬತ್ತರ ಹತ್ತಿರವಿದ್ದರೂ ಬೆನ್ನು ಬಾಗಿರಲಿಲ್ಲ.

“ಯಾರು?”

“ನಾನ ಅತ್ತಿ. ನಿನ್ನ ಅಣ್ಣನ ಹಿರೇ ಮಗ.”

ಅವರು ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದರು. “ಈಗ ಬಂದೇನು ಕರಿಯಾಕ? ಲಗ್ನ ಮುಗದು ಭಾಳ ದಿನ ಆತಲ್ಲೋ.” ಆಮೇಲೆ ನನ್ನ ಕಡೆ ತಿರುಗಿದರು. “ಈಕಿನೇನು ಮದಲಗಿತ್ತಿ?”

ನನ್ನ ತಲೆ ಅರ್ಧ ಬೆಳ್ಳಗಾಗಿತ್ತು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದೆ. “ಹೌದ್ರಿ ಅತ್ತಿ,” ಎಂದೆ.

ಅವರು ನಕ್ಕುಬಿಟ್ಟರು. ಎಮ್ಮೆಗಳು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ಸೀರೆ ಕೊಟ್ಟೆ. “ಲಗ್ನದ ಸೀರಿ ರೀ. ತಡ ಆತು.” ಅವರು ಅಂಚನ್ನು ಬೆರಳಿನಿಂದ ಸವರಿ ನೋಡಿ, “ಬಣ್ಣ ಛಲೋ ಐತಿ,” ಎಂದು ಒಳಗೆ ಕರೆದರು.

ಮಜ್ಜಿಗೆ ಕುಡಿದ ಮೇಲೆ ನನ್ನ ಗಂಡ ವಂಶಾವಳಿಯ ಹಾಳೆ ಬಿಚ್ಚಿದರು. ಅತ್ತೆಗೆ ಓದು ಬರುತ್ತಿರಲಿಲ್ಲ.

“ಅಣ್ಣನ ಹೆಸರು ಯಾವುದು?”

“ಇದು.”

“ನಂದು?”

“ಇದು, ಬಾಜೂಕ.”

“ಬಾಜೂಕ ಬರದೀರಿ,” ಎಂದರು. ಆ ಎರಡು ಹೆಸರುಗಳ ಮೇಲೆ ಬೆರಳಿಟ್ಟರು. “ಅಣ್ಣ ಇದ್ದಿದ್ರ ನೋಡ್ತಿದ್ದ.”

ತಮ್ಮ ಹೇಳಿಕೊಟ್ಟ ಮಾತು ನನ್ನ ಗಂಡನ ಬಾಯಿಂದ ಹೊರಡಲಿಲ್ಲ. ಅವರು ಹೇಳಿದ್ದು ಬೇರೆಯೇ. “ಅತ್ತಿ, ನಾಕು ಎಕರೆದಾಗ ಎರಡು ನಿಂದು.”

ಗದ್ದೆಯಿಂದ ಬಂದ ಅತ್ತೆಯ ಮಗ ಕಾಲು ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡ. “ಅವ್ವಾ, ಅದು ನಿನ್ನ ತವರುಮನಿ ಸುದ್ದಿ. ನೀನ ನೋಡ್ಕೊ. ನನಗ ಕಾಲುವಿ ಕೆಳಗಿನ ಭತ್ತನ ಸಾಕಾಗೈತಿ,” ಎಂದ.

“ಹೊಲ ನೋಡಿ ಹೇಳ್ತೀನಿ,” ಎಂದರು ಅತ್ತೆ.

ತಿಂಗಳೊಳಗೆ ಮಗನನ್ನು ಕರೆದುಕೊಂಡು ಊರಿಗೆ ಬಂದೇ ಬಿಟ್ಟರು. ಮೈದುನ ಅವತ್ತು ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಅವನ ಹೆಂಡತಿ, ನನ್ನ ನೆಗೆಣ್ಣಿ, ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದಳು. ಅತ್ತೆ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದರು. “ಅಲ್ಲಿ ಅನ್ನ ಉಂಡು ಉಂಡು ಬಾಯಿ ಸಪ್ಪಗಾಗೈತವಾ,” ಎಂದರು.

ಹೊಲದಲ್ಲಿ ತೊಗರಿ ಸೊಂಟದ ಮಟ್ಟಕ್ಕೆ ನಿಂತಿತ್ತು. ಅತ್ತೆ ಬದುವಿನ ಮೇಲೆ ನಮಗಿಂತ ಮುಂದೆ ನಡೆದರು. ಸಾಲುಗಳ ನಡುವೆ ಬಗ್ಗಿ ನೋಡಿದರು. ಒಂದು ಕಡ್ಡಿ ಕಸ ಇರಲಿಲ್ಲ.

“ಕಸ ಯಾರು ತಗೀತಾರ?”

“ಆಳು ಹಚ್ಚತೀವಿ ಅತ್ತಿ,” ಎಂದ ಮೈದುನ.

ನೆಗೆಣ್ಣಿ ಹಿಂದೆ ನೀರಿನ ಕೊಡ ಹಿಡಿದುಕೊಂಡು ನಿಂತಿದ್ದಳು. ಅತ್ತೆ ಅವಳ ಕೈಯಿಂದ ಕೊಡ ಇಳಿಸಿ, ಅಂಗೈ ತಿರುಗಿಸಿ ನೋಡಿದರು. ಕಳೆ ತೆಗೆಯುವ ಕುರ್ಚಿಗಿ ಹಿಡಿದು ಹಿಡಿದು ಕಟ್ಟಿದ ದಡ್ಡು ಅದರಲ್ಲಿತ್ತು.

“ಆಳು ಈಕಿನೇನು?”

ಮೈದುನ ನೆಲ ನೋಡುತ್ತ ನಕ್ಕ. “ಹೂಂ ಅತ್ತಿ. ಈಕಿನ.”

ಬೇವಿನ ಮರದ ಕೆಳಗೆ ಕೂತ ಮೇಲೆ ಅತ್ತೆ ತಮ್ಮ ತೀರ್ಮಾನ ಹೇಳಿದರು. “ನಾ ಹಕ್ಕು ಬಿಟ್ಟುಕೊಡಂಗಿಲ್ಲ. ನನ್ನ ಹೆಸರು ಪಹಣಿಗೆ ಬರ್ಲಿ. ಉಳುಮಿ ನೀನ ಮಾಡು. ವರ್ಷಕ್ಕ ಒಂದು ಚೀಲ ಬಿಳಿಜೋಳ ಕಳಸು, ಸಾಕು.”

ಮೈದುನನ ಮುಖ ಸಣ್ಣದಾಯಿತು. ಆದರೂ ಅವನು ಕೆಟ್ಟವನಲ್ಲ. ವಂಶಾವಳಿಗೆ ಗ್ರಾಮ ಲೆಕ್ಕಾಧಿಕಾರಿಯ ಹತ್ತಿರ ಓಡಾಡಿದವನು ಅವನೇ. ಕೆಲವು ತಿಂಗಳಲ್ಲಿ ಪೌತಿ ಖಾತೆ ಆಯಿತು. ಅಜ್ಜನ ಹೆಸರು ಹೋಗಿ ಅತ್ತೆ, ನನ್ನ ಗಂಡ, ಮೈದುನ ಮೂವರ ಹೆಸರು ಬಂತು. ನನ್ನ ಗಂಡನ ಪಾಲಿಗೆ ಒಂದು ಎಕರೆ. ಅವರು ಆ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮನೆಗೆ ಬಂದವರಿಗೆಲ್ಲ ತೋರಿಸಿದರು.

ಆಮೇಲೆ ಒಂದು ದಿನ ಅತ್ತೆಯ ಫೋನು. “ನೀ ಬರಸ್ತಿದ್ದೆಲ್ಲ ಅದೇನೋ ಪತ್ರ, ಅದನ್ನ ನನಗೂ ಬರಸು.”

ಅತ್ತೆ, ಅವರ ಮಗ, ಮೈದುನ, ನೆಗೆಣ್ಣಿ ಎಲ್ಲರೂ ಸೇರಿ ಮತ್ತೆ ಅದೇ ಬಾಂಡ್ ರೈಟರ್ ಮುಂದೆ ಕೂತೆವು. ಎರಡು ಎಕರೆ ಯಾರಿಗೆ ಎಂದು ಅವರು ಕೇಳಿದಾಗ ಅತ್ತೆ ನನ್ನ ನೆಗೆಣ್ಣಿಯ ಕಡೆ ಕೈ ತೋರಿಸಿದರು. “ಈಕಿಗೆ.”

ನೆಗೆಣ್ಣಿ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಅವಳ ಹೆಸರಿನಲ್ಲಿ ಅಲ್ಲಿಯತನಕ ಇದ್ದದ್ದು ರೇಷನ್ ಕಾರ್ಡಿನ ಒಂದು ಸಾಲು ಮಾತ್ರ.

“ಮಗ ಇದ್ದೂ ಅಣ್ಣನ ಸೊಸಿಗೆ ಕೊಟ್ರ ಮುಂದ ಯಾರಾದ್ರೂ ಕೇಳ್ತಾರವಾ. ಕಾರಣ ಬರದ್ರ ಛಲೋ,” ಎಂದರು ಬಾಂಡ್ ರೈಟರ್.

“ಬರೀರಿ ಹಂಗಾದ್ರ. ಮಗನಿಗೆ ಗದ್ದಿ ಐತಿ. ಈ ಹೊಲದಾಗ ದುಡದಾಕಿ ಈಕಿ.”

ಮಗನೂ ತನ್ನ ತಕರಾರಿಲ್ಲ ಎಂದು ಹೇಳಿ, ಅದನ್ನೂ ಬರೆಯಿರಿ ಎಂದ. ಮೈದುನ ಎದ್ದು ಹೋದ. ಎಲ್ಲರಿಗೂ ಚಹಾ ಹಿಡಿದುಕೊಂಡು ಬಂದು ನನ್ನ ಕಿವಿಯ ಹತ್ತಿರ ಹೇಳಿದ, “ವೈನಿ, ಹೊಲ ಮನ್ಯಾಗ ಉಳೀತು. ನನ್ನ ಕೈಯಾಗ ಉಳೀಲಿಲ್ಲ ನೋಡ್ರಿ.” ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು.

ಉಪನೋಂದಣಿ ಕಚೇರಿಯಲ್ಲಿ ಅಧಿಕಾರಿ ಅತ್ತೆಯನ್ನೊಬ್ಬರನ್ನೇ ಮುಂದೆ ಕರೆದು, “ಯಾರಾದ್ರೂ ಒತ್ತಾಯ ಮಾಡ್ಯಾರೇನಜ್ಜಿ?” ಎಂದು ಕೇಳಿದರು.

“ನನಗ ಒತ್ತಾಯ ಮಾಡೂದು ಈ ಹುಡುಗೂರಿಂದ ಆಗೂದಿಲ್ಲ ಬಿಡ್ರಿ ಸಾಹೇಬ್ರ,” ಎಂದರು. ಹುಡುಗರೆಂದರೆ ಅರವತ್ತು ದಾಟಿದ ನನ್ನ ಗಂಡ ಮತ್ತು ಅವರ ತಮ್ಮ. ಅಧಿಕಾರಿ ಮುಖ ಬಗ್ಗಿಸಿ ನಗುತ್ತಲೇ ಮೊಹರು ಒತ್ತಿದರು. ಊರಿನ ನಿವೃತ್ತ ಮೇಷ್ಟ್ರೊಬ್ಬರು ಮತ್ತು ನನ್ನ ಗಂಡ ಸಾಕ್ಷಿ ಹಾಕಿದರು.

ಮೆಟ್ಟಿಲಿಳಿಯುವಾಗ ನನ್ನ ಗಂಡ ಅಂದರು, “ಬರಸಾಕ ಹೊಂಟಾಂವ ನಾನು. ಸಾಕ್ಷಿ ಆಗಿ ಬಂದೆ.”

ಅವರೂ ಆಮೇಲೆ ತಮ್ಮ ಒಂದು ಎಕರೆಯನ್ನು ಮಗ ಮಗಳಿಗೆ ಸಮವಾಗಿ ಬರೆದರು. ನಾನು ಅದೇ ದಿನ ಮನೆಯನ್ನು ಹಾಗೇ ಬರೆದೆ. ಗಂಡನಿಗೆ ಜೀವ ಇರುವತನಕ ಅಲ್ಲಿ ವಾಸಿಸುವ ಹಕ್ಕು ಎಂದೂ ಸೇರಿಸಿದೆ. ಅವರು ಅದನ್ನು ಓದಿ, “ಬಾಡಿಗಿದಾರನ್ನ ಮಾಡಿದೇನು ನನ್ನ?” ಎಂದರು.

“ಬಾಡಿಗಿ ಏನೂ ಕೇಳಿಲ್ಲಲ್ರಿ,” ಎಂದೆ.

ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ, ಎಮ್ಮೆ ಕರೆಯುತ್ತಾರೆ. ಹಾಗಾಗಿ ಆ ಪತ್ರಕ್ಕೆ ಇನ್ನೂ ಕೆಲಸ ಬಿದ್ದಿಲ್ಲ. ಆದರೆ ಮರುವರ್ಷದ ಮುಂಗಾರಿನಲ್ಲಿ ಮೈದುನ ಫೋನು ಮಾಡಿ ದೂರು ಹೇಳಿದ. “ಅಣ್ಣಾ, ಈಕಿ ಕೇಳವಲ್ಲಳು. ಆ ಎರಡು ಎಕರೇಕ ಈ ಸಲ ಹೆಸರುಕಾಳು ಬಿತ್ತಬೇಕಂತ. ಅತ್ತಿಗೂ ಫೋನ್ ಹಚ್ಚಿ ಕೇಳ್ಯಾಳ.”

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಏನು ಬಿತ್ತಬೇಕೆಂದು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

“ಬಿತ್ತು ಮತ್ತ,” ಎಂದರು ನನ್ನ ಗಂಡ.

ಅವನು ಬಿತ್ತಿದ. ಕಾಯಿ ಬಿಡಿಸುವ ಕಾಲಕ್ಕೆ ನೆಗೆಣ್ಣಿ ತಾನೇ ಶ್ರೀರಾಮನಗರಕ್ಕೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದಳು, ನಮಗೂ ಬರಲು ಹೇಳಿದಳು. ಮೊಣಕಾಲಿನ ನೆಪ ಹೇಳಿ ನಾನು ಅತ್ತೆಯ ಜೊತೆ ನೆರಳಲ್ಲಿ ಕೂತೆ. ನನ್ನ ಗಂಡ ಬಿಸಿಲಲ್ಲಿ ಕಾಯಿ ಬಿಡಿಸುತ್ತಿದ್ದರು. ಸಾಲು ಬಿಟ್ಟು ಸಾಲಿಗೆ ಹೋದಾಗಲೆಲ್ಲ ನೆಗೆಣ್ಣಿ ಅವರನ್ನು ಕರೆದು, “ಭಾವ, ಇಲ್ಲೊಂದಿಷ್ಟು ಬಿಟ್ಟೀರಿ ನೋಡ್ರಿ,” ಎಂದು ಹಿಂದಕ್ಕೆ ಕಳಿಸುತ್ತಿದ್ದಳು.