ನನ್ನ ಕಾಲಿನ ಮಾತು ಕೇಳಿದ ಡಾಕ್ಟರ್ ಬಾಯಿ

ನಮ್ಮ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಎಷ್ಟು ಗಿಡ್ಡ ಎಂದರೆ, ಆಪರೇಷನ್ ಮೇಜಿನ ಮೇಲೆ ಮಲಗಿದವನ ಬೆನ್ನು ಅವರ ಎದೆಮಟ್ಟಕ್ಕೆ ಬರುತ್ತಿತ್ತು. ಅದಕ್ಕೇ ಕಬ್ಬಿಣದ ಸ್ಟೂಲೊಂದನ್ನು ಕಾಲಿನಿಂದಲೇ ಒದ್ದು ಮುಂದೆ ತಳ್ಳಿಕೊಂಡು ಬರುತ್ತಿದ್ದರು. ಅದು ನೆಲದ ಮೇಲೆ ಕಿರ್ರೆಂದು ಒದರುತ್ತಿತ್ತು. ಸಿಸ್ಟರ್ ಮುಖ ಹುಳ್ಳಗೆ ಮಾಡಿದರೆ, “ಒದರ್ಲಿ ಬಿಡವಾ, ನಾ ಬಂದೇನಿ ಅಂತ ಪೇಶಂಟಿಗೆ ಗೊತ್ತಾಗ್ಲಿ,” ಎನ್ನುತ್ತಿದ್ದರು. ಹಸಿರು ಟೊಪ್ಪಿಗೆಯ ಕೆಳಗೆ ಬಿಳಿಕೂದಲು, ಹುಬ್ಬಿನ ನಡುವೆ ಬೆವರಿಗೆ ಅಳಿಸಿ ಅರ್ಧ ಉಳಿದ ಕುಂಕುಮ. ಆಪರೇಷನ್ನಿಗೆ ಮೊದಲು ಅರವಳಿಕೆ ಕೊಡುವುದು, ಮುಗಿಯುವ ತನಕ ಜೀವ ಕಾಯುವುದು ಅವರ ಕೆಲಸ. ಕೊಯ್ಯುವ ಡಾಕ್ಟರ ಹೆಸರನ್ನು ಎಲ್ಲರೂ ಹೇಳುತ್ತಾರೆ. ತಲೆಯ ಹತ್ತಿರ ನಿಂತವರ ಸುದ್ದಿ ಯಾರು ಹೇಳಬೇಕು? ನಾನು ಹೇಳುತ್ತೇನೆ!

ನಾನು ಇಳಕಲ್ಲಿನ ನೇಕಾರ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕೆ ಕೂತವನು. ಮಗ್ಗದ ಮನೆಯ ತಗಡು ಸರಿ ಮಾಡಲು ಮೇಲೆ ಹತ್ತಿ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಏನೂ ತಿಳಿಯದಂತಾಯಿತು. ಕಾಲು ಹೋದವು, ಕೈ ಉಳಿದವು. ಮಗ್ಗ ತುಳಿಯಲಾಗದು, ಆದರೆ ಕೆಚ್ಚುವ ಕೆಲಸಕ್ಕೆ ಕಾಲು ಬೇಕಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವುದೇ ಕೆಚ್ಚುವುದು. ಅದಕ್ಕೆ ಹೆಬ್ಬೆರಳು, ತೋರುಬೆರಳು, ಚಿಟಿಕೆ ಬೂದಿ ಇದ್ದರೆ ಸಾಕು. ಗಾಲಿಕುರ್ಚಿಯಲ್ಲಿ ಮಗ್ಗದ ಮನೆಗಳಿಗೆ ಹೋಗಿ ಕೆಚ್ಚುತ್ತಿದ್ದೆ. ನನ್ನ ಅನ್ನ ನಾನೇ ದುಡಿದು ಉಂಡೆ.

ಹೀಗಿರುವಾಗ ಮೂತ್ರದ ಚೀಲದಲ್ಲಿ ಕಲ್ಲಾಯಿತು. ಜ್ವರ ಬಿಟ್ಟೂ ಬಿಟ್ಟೂ ಬರುತ್ತಿತ್ತು. ಮೊದಲು ಒಂದು ಸಣ್ಣ ದವಾಖಾನೆಗೆ ಹೋದೆವು. “ಇವಗ ಕೆಳಗ ಏನೂ ಗೊತ್ತಾಗಂಗಿಲ್ಲ, ಅರವಳಿಕೆ ಯಾಕ ಬೇಕು?” ಎಂದರು. ನನಗೂ ಖರೆ ಅನಿಸಿತು. ಹರಿದ ಎಳೆಯ ಆಚೆ ತುದಿ ಜಗ್ಗಿದರೆ ಈಚೆ ತುದಿ ಅಲುಗುತ್ತದೆಯೇ? ನೇಕಾರನ ಲೆಕ್ಕ ಅದು! ಒಳಗೆ ನಳಿಗೆ ಹಾಕಿ ಕಲ್ಲು ಮುಟ್ಟಿದ್ದೇ ತಡ, ತಲೆ ಸಿಡಿದು ಹೋಗುವಂತಾಯಿತು. ಮುಖ ಕೆಂಡವಾಯಿತು, ಕುತ್ತಿಗೆಯಿಂದ ಬೆವರು ಹರಿಯಿತು. ಕೆಲಸ ಅರ್ಧಕ್ಕೇ ನಿಲ್ಲಿಸಿ ಹೊರಗೆ ತಂದು, “ಭಾಳ ಅಂಜಿಬಿಟ್ಟಾನ,” ಎಂದು ನನ್ನ ಹೆಂಡತಿಗೆ ಹೇಳಿದರು. ಊರಲ್ಲಿ ಗೆಳೆಯರು ಬಿಟ್ಟಾರೆಯೇ? “ಏನಲೇ, ಇಲ್ಲದ ಬ್ಯಾನಿಗೆ ಅಂಜಿ ಓಡಿಬಂದೆಂತ?” ಎಂದು ನಗಾಡಿದರು. ಕಲ್ಲಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಜ್ವರ ಏರಿದಾಗ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿ ಹಾಸಿಗೆಯ ಹತ್ತಿರ ಬಂದು ನಿಂತವರೇ ಡಾಕ್ಟರ್ ಬಾಯಿ.

“ಹಿಂದಕ ಕಲ್ಲು ತಗ್ಯಾಕ ಹೋದಾಗ ಏನಾತು?”

“ತಲಿ ಸಿಡೀತು, ಬೆವರು ಇಳೀತ್ರಿ. ನಾ ಅಂಜಿದ್ನಂತರಿ,” ಎಂದೆ, ಗೋಡೆಯ ಕಡೆ ಮುಖ ಮಾಡಿ.

“ಯಾರಂದ್ರು ಹಂಗ? ನೀ ಅಂಜಿಲ್ಲೋ ಮಾರಾಯಾ, ನಿನ್ನ ಮೈ ಒದರೇತಿ!”

ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲ ಕೆಳಗೆ ತಟ್ಟಿದರು. ಕಾಲು ಚಂಗನೆ ಹಾರಿತು.

“ನೋಡು, ನಿನ್ನ ಕೇಳಿ ಒದೀತೇನು ಇದು? ಕೆಳಗಿನ ಹುರಿ ಜೀವಂತ ಐತಿ. ಅಲ್ಲಿ ತ್ರಾಸಾದ್ರ ನಿನಗ ಸುದ್ದಿ ಮುಟ್ಟಂಗಿಲ್ಲ, ಆದ್ರ ಅದು ಗಾಬರಿಯಾಗಿ ರಕ್ತನಾಳ ಎಲ್ಲಾ ಬಿಗೀತೈತಿ. ಬಿಪಿ ಏರತೈತಿ. ‘ಸಾಕು, ಸುಮ್ಮನಿರು’ ಅಂತ ಮ್ಯಾಲಿಂದ ಹೇಳಾಕ ದಾರಿ ಹರದೈತಿ. ಹಂಗ ಬಿಟ್ರ ಮೆದುಳಾಗ ರಕ್ತನಾಳ ಒಡೀಬಹುದು. ಅದಕ್ಕ ಟೊಂಕದಾಗ ಸೂಜಿ ಹಾಕಿ ಅದನ್ನ ಮಲಗಸ್ತೇನಿ. ನಿನಗ ತಿಳಿಯಂಗಿಲ್ಲ ಅಂದ್ರ ನಿನ್ನ ಮೈಗೆ ತಿಳಿಯಂಗಿಲ್ಲ ಅಂತಲ್ಲ.”

ನನಗೆ ಆದ ಖುಷಿ ಹೇಗೆ ಹೇಳಲಿ! ಮನೆಯವರೆಲ್ಲ ‘ಸತ್ತ ಕಾಲು’ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಸತ್ತಿಲ್ಲವಂತೆ! ನಾನು ಅಂಜುಬುರುಕನೂ ಅಲ್ಲವಂತೆ! ಎರಡೂ ಒಂದೇ ಮಾತಿನಲ್ಲಿ ಸಿಕ್ಕವು.

ಆದರೆ ಸೂಜಿ ಎಂದ ಕೂಡಲೇ ಎರಡೂ ಕೈ ಎದೆಗೆ ಅವುಚಿಕೊಂಡೆ. “ಬ್ಯಾಡ್ರಿ ಬಾಯಾರ. ಔಷಧ ಮ್ಯಾಲೆ ಏರಿ ಕೈಗೆ ಬಂದ್ರ? ಬೆನ್ನು ಮುರಕೊಂಡು ಕಾಲು ಕೊಟ್ಟೇನಿ. ಬೆರಳು ಮಾತ್ರ ಕೊಡಂಗಿಲ್ಲ.”

“ಡಾಕ್ಟರ ಮುಂದೂ ಹಟಾ ಏನ್ರಿ ನಿಮ್ದು!” ಎಂದು ಹೆಂಡತಿ ಬೈದಳು.

“ಬೈಬ್ಯಾಡವಾ, ಆಂವ ಕೇಳಿದ್ದು ಬರೋಬ್ಬರಿ ಐತಿ,” ಎಂದರು ಬಾಯಿ. “ಔಷಧ ಏರಬಹುದು. ಏರದಂಗ ನೋಡೋದ ನನ್ನ ಕೆಲಸ. ಉಳಿದವ್ರಿಗೆ ತಣ್ಣಗಿನ ಹತ್ತಿ ಅರಳಿ ಮುಟ್ಟಿಸಿ, ಎಲ್ಲೀತನ ತಂಪು ಹತ್ತತೈತಿ ಅಂತ ಕೇಳ್ತೇನಿ. ನಿನಗ ಕೆಳಗ ಮುಟ್ಟಿ ಕೇಳಿದ್ರ ಉಪಯೋಗಿಲ್ಲ.” ನನ್ನ ಕೈ ಎತ್ತಿ ಬೆರಳು ನೋಡಿದರು. “ಬೆರಳಿಲೆ ಏನು ಕೆಲಸ ಮಾಡ್ತಿ?”

ಹೇಳಿದೆ.

“ಹಂಗಾರ ನಾಳಿ ಮೇಜಿನ ಮ್ಯಾಲೂ ಅದನ್ನ ಮಾಡು. ಬೆರಳು ಜರಾ ಭಾರ ಆದ್ರ ನನಗಿಂತ ಮೊದಲ ನಿನಗ ತಿಳೀತೈತಿ.”

ಮರುದಿನ ಹೆಂಡತಿ ಕೆಂಪು ನೂಲು, ಕರಿ ನೂಲು ತಂದುಕೊಟ್ಟಳು. ಒಳಗೆ ಸಿಸ್ಟರ್ ನಕ್ಕರು, “ಇಲ್ಲಿ ಸೀರಿ ನೇಯ್ತಾರೇನ್ರಿ?”

“ನೇಯ್ಲಿ, ಸೆರಗು ನಿನಗ ಉಡಸ್ತೇನಿ,” ಎನ್ನುತ್ತ ಬಾಯಿ ಸ್ಟೂಲು ಹತ್ತಿದರು. ನನ್ನನ್ನು ಮಗ್ಗುಲಾಗಿ ಮಲಗಿಸಿ ಟೊಂಕದ ಹತ್ತಿರ ಸೂಜಿ ಹಾಕಿದರು. ನನಗೆ ಏನೂ ತಿಳಿಯಲಿಲ್ಲ. ಅಂಗಾತ ಮಾಡಿದ ಮೇಲೆ ಮೊಣಕಾಲು ತಟ್ಟಿದರು, ಕಾಲು ಹಾರಿತು. ತುಸು ತಡೆದು ತಟ್ಟಿದರು, ಸ್ವಲ್ಪವೇ ಅಲುಗಿತು. ಮತ್ತೆ ತಟ್ಟಿದರು. ಸುಮ್ಮನೆ ಬಿದ್ದಿತ್ತು.

“ಮಲಗಿದ್ವು,” ಎಂದರು, ತೊಟ್ಟಿಲ ಕೂಸಿನ ಸುದ್ದಿ ಹೇಳುವಂತೆ ದನಿ ತಗ್ಗಿಸಿ.

ಕೆಲಸ ಶುರುವಾಯಿತು. ಬಾಯಿಯ ಒಂದು ಅಂಗೈ ನನ್ನ ಹಣೆಯ ಮೇಲೆ, ಕಣ್ಣು ಬಿಪಿ ಮಷಿನ್ನಿನ ಮೇಲೆ. ನಾನು ಕೆಂಪಿಗೆ ಕರಿ, ಕರಿಗೆ ಕೆಂಪು ಹೊಸೆಯುತ್ತಿದ್ದೆ. ತಲೆ ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದು ಕಾಯುತ್ತಾ ಒಮ್ಮೆ ಬೆರಳು ನಿಂತವು.

“ಯಾಕ ನಿಂತಿ? ಭಾರ ಆದ್ವೇನು?”

“ಇಲ್ರಿ, ಎಳಿ ಹರೀತು.”

“ಹರಿದ್ರ ಕೂಡಸು. ಮುಂಜಾನಿಂದ ನಾವೆಲ್ಲಾ ಮತ್ತೇನು ಮಾಡಾಕತ್ತೇವಿ?”

ಪರದೆಯ ಆಚೆ ಟಣ್ಣೆಂದು ತಾಟಿನಲ್ಲಿ ಏನೋ ಬಿದ್ದ ಸಪ್ಪಳ. ಕಲ್ಲು! ಹುಣಸೆ ಬೀಜದ ಬಣ್ಣದ ಕಲ್ಲು!

“ತಲಿ ಹೆಂಗೈತಿ?”

“ಹಗುರ ಐತ್ರಿ ಬಾಯಾರ!” ಎಂದು ನಾನು ಕೂಗಿದ್ದು ಹೊರಗೆ ಕೂತ ಹೆಂಡತಿಗೂ ಕೇಳಿಸಿತಂತೆ. ಬಾಯಿ ನಾನು ಕೂಡಿಸಿದ ನೂಲನ್ನು ತೆಗೆದುಕೊಂಡು ಎರಡೂ ಕೈಯಿಂದ ಜಗ್ಗಿ ಜಗ್ಗಿ ನೋಡಿದರು. ಒಂದೂ ಬಿಚ್ಚಲಿಲ್ಲ. “ತಗೋ, ಬೆರಳು ನಿನ್ನಾವ ನಿನಗ ಒಪ್ಪಿಸೇನಿ,” ಎಂದರು.

ಊರಿಗೆ ಬಂದವನು ಮಗ್ಗದ ಮನೆ ಮಗ್ಗದ ಮನೆಯ ಮುಂದೆ ಗಾಲಿ ನಿಲ್ಲಿಸಿ, “ಅಂಜಿದ್ದಿಲ್ಲಲೇ ನಾ!” ಎಂದು ಸಾರಿದೆ. ಜ್ವರ ಮತ್ತೆ ಬರಲಿಲ್ಲ. ತಪಾಸಣೆಗೆ ಹೋದಾಗಲೆಲ್ಲ ಬಾಯಿ ನನಗಿಂತ ಮೊದಲು ನನ್ನ ಕಾಲನ್ನು ಮಾತಾಡಿಸುತ್ತಿದ್ದರು. “ಏನಂತಾವ ಕಾಲು? ಒದ್ರ ಬೈಬ್ಯಾಡ, ಏನು ಹೇಳಾಕತ್ತಾವ ನೋಡು,” ಎನ್ನುತ್ತಿದ್ದರು.

ಹೋದ ವರ್ಷ ಬಾಯಿ ತೀರಿಕೊಂಡರು. ಸಿಸ್ಟರೇ ಫೋನ್ ಮಾಡಿ ತಿಳಿಸಿದರು. ಬಾಗಲಕೋಟೆಯ ನವನಗರದ ಅವರ ಮನೆಯ ಮುಂದೆ ನನ್ನ ಗಾಲಿಕುರ್ಚಿ ತಲುಪುವ ಹೊತ್ತಿಗೆ ಅಲ್ಲಿ ಇನ್ನೂ ಎರಡು ಗಾಲಿಕುರ್ಚಿಗಳು ನಿಂತಿದ್ದವು. ನಾವು ಒಬ್ಬರಿಗೊಬ್ಬರು ಪರಿಚಯದವರಲ್ಲ. ಆದರೂ ಒಬ್ಬ ನನಗೆ ನೆರಳಿನಲ್ಲಿ ಜಾಗ ಬಿಟ್ಟುಕೊಟ್ಟ.

ಮೊನ್ನೆ ಒಂದು ಮಗ್ಗದ ಮನೆಯಲ್ಲಿ ಕೆಚ್ಚುತ್ತ ಕೂತಿದ್ದೆ. ಎಡಗಾಲು ಸೆಟೆದು ನಡುಗತೊಡಗಿತು. ಕುತ್ತಿಗೆ ಬೆವರಿತು. ಪಕ್ಕದ ಮಗ್ಗದವನು ಲಾಳಿ ನಿಲ್ಲಿಸಿ, “ಕಾಲು ಕುಣ್ಯಾಕತ್ತೈತಲ್ಲೋ, ಒತ್ತಿ ಹಿಡಿ,” ಎಂದ.

“ತಡಿಯೋ, ಏನೋ ಹೇಳಾಕತ್ತೈತಿ,” ಎಂದೆ.

ಬಗ್ಗಿ ನೋಡಿದೆ. ನನಗೆ ಸದಾ ಹಾಕಿರುವ ಮೂತ್ರದ ನಳಿಗೆ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದೆ. ಕಟ್ಟಿದ್ದ ಮೂತ್ರ ಹರಿಯಿತು. ಕಾಲು ನಿಧಾನವಾಗಿ ಸುಮ್ಮನಾಯಿತು. ಬೆರಳಿಗೆ ಬೂದಿ ಹಚ್ಚಿಕೊಂಡು ಮುಂದಿನ ಎಳೆ ಹಿಡಿದೆ.