ಶುಕ್ರನ ಹಬ್ಬದ ಕಳ್ಳಿ

ನಮ್ಮ ತಾಹಿತಿಯ ಮರಳಿನ ಮೇಲೆ ನಿಂತು ಇಂಗ್ಲಿಷರು ಶುಕ್ರಗ್ರಹ ಆರು ತಾಸು ಹಿಡಿದು ಸೂರ್ಯನನ್ನು ದಾಟಿದ್ದನ್ನು ಅಳೆದ ನೆನಪಿಗೆ ಪ್ರತಿ ಜೂನ್‌ನಲ್ಲೂ ನಾಟಕವಾಗುತ್ತದೆ. ಅವರ ಅಳತೆಯ ಹಿತ್ತಾಳೆ ಯಂತ್ರ ಕಳುವಾಗುವ ದೃಶ್ಯಕ್ಕೇ ಹೆಚ್ಚು ಚಪ್ಪಾಳೆ. ಕ್ಯಾಪ್ಟನ್ ಪಾತ್ರ ಹಬ್ಬದ ಸಮಿತಿಯ ಅಧ್ಯಕ್ಷ ಗಸ್ತೋಗೆ, ಕಳ್ಳನ ಪಾತ್ರ ಸದಾ ತೆಹಾನಿಯ ಮನೆಯವರಿಗೆ. ಮೀನು ಮಾರುವ ತೆಹಾನಿ ಸಂತೆಗೆ ಕಾಲಿಟ್ಟರೆ ಸಾಕು, "ತಕ್ಕಡಿ ಬಚ್ಚಿಡ್ರಪ್ಪಾ, ಕಳ್ಳರ ಮನೆಯೋಳು ಬಂದ್ಲು!" ಎಂದು ನಗೆ.

ಈ ಸಲ ಆ ಪಾತ್ರವನ್ನು ಅವಳೇ ಕೇಳಿ ಪಡೆದಳು. ಯಂತ್ರ ಕಸಿದು ಓಡಿದವಳು ಕ್ಯಾಪ್ಟನ್ ಗದರಿದಾಗ ನಾಟಕದಲ್ಲಿರುವಂತೆ ಅದನ್ನು ಹಿಂದಿರುಗಿಸಲಿಲ್ಲ. ಹಬ್ಬದ ಹಂದಿ ಮಣ್ಣಿನಡಿ ಬೇಯುತ್ತಿದ್ದ ನೆಲದೊಲೆಯ ಪಕ್ಕ ಪಟ್ಟದ ರಾಣಿಯಂತೆ ಕುಳಿತಳು. ಒಲೆ ಹೂಡಿದವರೇ ಅದನ್ನು ತೆರೆಯಬೇಕೆಂಬುದು ನಮ್ಮ ಪದ್ಧತಿ, ಹೂಡಿದವಳು ತೆಹಾನಿ.

"ಏಯ್, ಕೊಡೇ ಇಲ್ಲಿ!" ಎಂದ ಗಸ್ತೋ.

"'ಮುಂದಿನ್ ವರ್ಷ ನಾನೇ ಕಳ್ಳ' ಅಂತ ನೀವೇ ಕೂಗಿ ಹೇಳಿ, ಯಜಮಾನ್ರೇ. ಆಮೇಲೆ ಊಟ."

"ಸಾಧ್ಯವೇ ಇಲ್ಲ!"

ಹಂದಿಯ ಘಮ ಹಬ್ಬಿತು. "ಒಪ್ಕೊಳ್ರೀ, ಹೊಟ್ಟೆ ಹಸೀತಿದೆ!" ಎಂದು ಅರಚಿದವರು ಸಂತೆಯಲ್ಲಿ ನಕ್ಕಿದ್ದವರೇ. ಕ್ಯಾಪ್ಟನ್ ಶರಣಾದ.

ಮರುವರ್ಷ ಗಸ್ತೋ ಯಂತ್ರ ಹೊತ್ತು ಏದುಸಿರು ಬಿಡುತ್ತ ಓಡಿದ. ಕ್ಯಾಪ್ಟನ್ ಟೋಪಿ ತೊಟ್ಟ ತೆಹಾನಿ ಅವನನ್ನು ಹಿಡಿಯುವ ಆತುರವನ್ನೇ ತೋರಲಿಲ್ಲ.

"ಓಡಿ ಯಜಮಾನ್ರೇ, ಓಡಿ! ಶುಕ್ರ ಇನ್ನೂ ದಾಟಿಲ್ಲ!"